ಏಳು ಜನರ ತಂಡ, ಒಂದೇ ಬೋರ್ಡು: ಕೆಲಸ ನಡುವೆ ನಿಲ್ಲದಂತೆ ಅಜೈಲ್ ನಡೆಸುವ ಕ್ರಮ

ಇದು ಕಲಬುರಗಿ, ಬೀದರ, ಯಾದಗಿರಿ ಕಡೆಯ ಸಣ್ಣ ಸಾಫ್ಟ್‌ವೇರ್ ತಂಡಗಳಿಗಾಗಿ ಬರೆದದ್ದು. ಐದರಿಂದ ಹತ್ತು ಜನ, ಬಾಡಿಗೆಗೆ ಹಿಡಿದ ಒಂದು ಮಹಡಿ, ಬೆಂಗಳೂರಲ್ಲೋ ಹೈದರಾಬಾದಲ್ಲೋ ಕೂತು ಕೆಲಸ ಮಾಡುವ ಒಬ್ಬಿಬ್ಬರು. ಇಂಥ ತಂಡದವರು ನನ್ನನ್ನು ಕೇಳುವ ಪ್ರಶ್ನೆ ಮತ್ತೆ ಮತ್ತೆ ಒಂದೇ. "ಸ್ಕ್ರಮ್ ಶುರು ಮಾಡಿದ್ವಿ, ಮೂರನೇ ತಿಂಗಳಿಗೆ ಬಿಟ್ಟುಬಿಟ್ವಿ. ಎಲ್ಲಿ ತಪ್ಪಿತು?" ಅಜೈಲ್ ಅಂದರೆ ಕೆಲಸವನ್ನು ಸಣ್ಣ ತುಂಡುಗಳಾಗಿ ಮುಗಿಸಿ, ಗಿರಾಕಿಗೆ ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವ ರೀತಿ. ಸ್ಕ್ರಮ್ ಅದರಲ್ಲಿ ಒಂದು ಪದ್ಧತಿ.

ವಿಚಾರಿಸಿದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವಿರುತ್ತಾರೆ. ಮೊದಲ ದಿನ ಕೆಲಸಗಳ ಪಟ್ಟಿ ಇಡುವ ಜಿರಾ ತೆರೆಯುತ್ತಾರೆ. ಎರಡನೇ ದಿನ ಸ್ಟ್ಯಾಂಡ್-ಅಪ್, ಅಂದರೆ ದಿನಾ ನಿಂತು ಮಾಡುವ ಸಣ್ಣ ಮೀಟಿಂಗ್. ಮೂರನೇ ದಿನ ಸ್ಟೋರಿ ಪಾಯಿಂಟ್, ಅಂದರೆ ಕೆಲಸದ ಗಾತ್ರಕ್ಕೆ ಕೊಡುವ ಅಂದಾಜು ಅಂಕಿ. ಕೆಲಸ ಎಲ್ಲಿ ಕಾಯುತ್ತಾ ಕೂತಿದೆ ಅಂತ ಮಾತ್ರ ಯಾರೂ ನೋಡಿರುವುದಿಲ್ಲ. ನಮ್ಮ ಹುಡುಗರ ಕೈ ನಿಧಾನ ಇಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಕೆಲಸ ನಿಲ್ಲುತ್ತದೆ. ಅದನ್ನು ಸರಿಮಾಡದೆ ಎಷ್ಟು ಮೀಟಿಂಗ್ ಇಟ್ಟರೂ ಸುಸ್ತು ಜಾಸ್ತಿ ಆಗುತ್ತದೆ, ಅಷ್ಟೇ.

ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸ್ಟ್ಯಾಂಡ್-ಅಪ್ ಬರುವುದು ಏಳನೇ ಹಂತದಲ್ಲಿ. ಅಲ್ಲಿಯವರೆಗೆ ತಡೆದುಕೊಳ್ಳಿ.

ಉದಾಹರಣೆಗಳೆಲ್ಲ ನಮ್ಮ ತಂಡದವು. ಗಂಜಿನ, ಅಂದರೆ ಧಾನ್ಯ ಮಾರುಕಟ್ಟೆಯ, ಅಡತಿ ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ ತೂಕ, ಬಿಲ್ಲು, ರೈತರ ಪಟ್ಟಿ (ಮಾಲಿಗೆ ರೈತನಿಗೆ ಸಲ್ಲುವ ಹಣದ ಲೆಕ್ಕದ ಕಾಗದ) ಇವುಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಏಳು ಜನ ಇದ್ದೇವೆ. ಐವರು ಕಲಬುರಗಿಯಲ್ಲಿ, ಇಬ್ಬರು ಬೆಂಗಳೂರಲ್ಲಿ.

## ಮೊದಲು ಕೈಗೆ ಬೇಕಾದ ಸಾಮಾನು

ಒಂದು ವೈಟ್‌ಬೋರ್ಡ್ ಇಲ್ಲವೇ ಖಾಲಿ ಗೋಡೆ. ಮೂರು ಬಣ್ಣದ ಅಂಟು ಚೀಟಿ, ದಪ್ಪ ಮಾರ್ಕರ್. ಕೋಡ್ ಇಡಲು, ಅದರ ಪ್ರತಿ ಬದಲಾವಣೆಯ ದಾಖಲೆ ಉಳಿಸಲು ಗಿಟ್. ಎಲ್ಲರಿಗೂ ಕಾಣುವ ಒಂದೇ ಒಂದು ಕ್ಯಾಲೆಂಡರ್. ರೌಟರ್‌ಗೂ ಯುಪಿಎಸ್ ಹಾಕಿಸಿ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಹೇಗೋ ನಡೆಯುತ್ತದೆ, ನೆಟ್ ಹೋಗಿ ಬೆಂಗಳೂರಿನವರ ಜೊತೆ ಮಾತು ಅರ್ಧಕ್ಕೆ ಕಡಿಯುತ್ತದೆ.

ಆನ್‌ಲೈನ್ ಬೋರ್ಡ್ ಎರಡನೇ ವಾರಕ್ಕೆ ಸಾಕು. ಟ್ರೆಲ್ಲೊ ಆಗಲಿ, ಗಿಟ್‌ಹಬ್ ಪ್ರಾಜೆಕ್ಟ್ಸ್ ಆಗಲಿ, ಜಿರಾ ಆಗಲಿ, ಯಾವುದಾದರೂ ನಡೆಯುತ್ತದೆ. ಹಣ ಕೊಟ್ಟು ಕೊಳ್ಳುವ ಅಗತ್ಯ ಈ ಹಂತದಲ್ಲಿ ಇಲ್ಲ.

## ಹಂತ 1: ಒಂದು ಕೆಲಸದ ದಿನಚರಿ ಬರೆಯಿರಿ

ಈಗಷ್ಟೇ ಮುಗಿದ ಒಂದು ಕೆಲಸ ತೆಗೆದುಕೊಳ್ಳಿ. ಅದು ಶುರುವಾದ ಗಳಿಗೆಯಿಂದ ಗಿರಾಕಿಯ ಕೈ ಸೇರುವವರೆಗೆ ಎಲ್ಲೆಲ್ಲಿ ಇತ್ತು, ಯಾರ ಹತ್ತಿರ ಇತ್ತು, ಎಷ್ಟು ಹೊತ್ತು ಇತ್ತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ನೆನಪಿನಿಂದ ಬರೆಯಬೇಡಿ. ಗಿಟ್‌ನ ಕಮಿಟ್ (ಬದಲಾವಣೆ ದಾಖಲಿಸಿದ) ಸಮಯ, ವಾಟ್ಸ್ಆ್ಯಪ್ ಮೆಸೇಜಿನ ಸಮಯ ನೋಡಿ ಬರೆಯಿರಿ.

ನಾವು ಹೀಗೆ ಬರೆದ ಮೊದಲ ಕೆಲಸ ತೂಕದ ಚೀಟಿಯ ಪ್ರಿಂಟ್. ಸಣ್ಣ ಕೆಲಸ. ಅದರ ದಿನಚರಿ ಹೀಗಿತ್ತು.

ಸೋಮವಾರ ಬೆಳಿಗ್ಗೆ ಕೋಡ್ ಶುರುವಾಯಿತು. ಮಂಗಳವಾರ ಮಧ್ಯಾಹ್ನಕ್ಕೆ ಮುಗಿಯಿತು, ಒಟ್ಟು 11 ಗಂಟೆ. ಅವತ್ತೇ ರಿವ್ಯೂಗೆ, ಅಂದರೆ ಇನ್ನೊಬ್ಬರು ಕೋಡ್ ಓದಿ ನೋಡಲು, ಹೋಯಿತು. ರಿವ್ಯೂ ಮಾಡಬೇಕಾದವರು ತೆರೆದು ನೋಡಿದ್ದು ಶುಕ್ರವಾರ ಸಂಜೆ. ಅರ್ಧ ಗಂಟೆಯ ಕೆಲಸ, ಎರಡು ತಿದ್ದುಪಡಿ ಹೇಳಿದರು. ಅಷ್ಟರಲ್ಲಿ ಕೋಡ್ ಬರೆದ ಹುಡುಗ ಬೇರೆ ಕೆಲಸದಲ್ಲಿ ಮುಳುಗಿದ್ದ. ಅವನು ತಿದ್ದಿದ್ದು ಮುಂದಿನ ಸೋಮವಾರ, ಅದೂ ಅರ್ಧ ಗಂಟೆ. ಮಂಗಳವಾರ ಟೆಸ್ಟಿಂಗ್‌ಗೆ ಬಂತು. ಟೆಸ್ಟ್ ಮಾಡಲು ಥರ್ಮಲ್ ಪ್ರಿಂಟರ್ ಆಫೀಸಲ್ಲಿ ಇರಲಿಲ್ಲ, ಒಬ್ಬ ಗಿರಾಕಿಯ ಅಂಗಡಿಯಲ್ಲಿ ಉಳಿದಿತ್ತು. ಗುರುವಾರ ತಂದೆವು. ಎರಡು ಗಂಟೆ ಟೆಸ್ಟಿಂಗ್. ಶುಕ್ರವಾರ ಸಂಜೆ ಅಂಗಡಿಗೆ ತಲುಪಿತು.

ಹತ್ತು ಕೆಲಸದ ದಿನ ಅಂದರೆ 80 ಗಂಟೆ. ಅದರಲ್ಲಿ ಯಾರಾದರೂ ಆ ಕೆಲಸದ ಮೇಲೆ ಕೈ ಇಟ್ಟದ್ದು 14 ಗಂಟೆ. ಉಳಿದ 66 ಗಂಟೆ ಅದು ಸುಮ್ನೆ ಕೂತಿತ್ತು.

ಈ ಹಾಳೆಯನ್ನು ಗೋಡೆಗೆ ಅಂಟಿಸಿದ ದಿನ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಅಲ್ಲಿಯವರೆಗೆ ಪ್ರತಿ ತಡಕ್ಕೂ "ಇನ್ನಷ್ಟು ಬೇಗ ಕೋಡ್ ಬರೀಬೇಕು" ಅಂತ ಹುಡುಗರನ್ನು ಒತ್ತುತ್ತಿದ್ದೆವು. ಕೋಡ್ ಬರೆಯುವ 11 ಗಂಟೆಯನ್ನು 8ಕ್ಕೆ ಇಳಿಸಿದ್ದರೂ ಆ ಚೀಟಿ ಅದೇ ಶುಕ್ರವಾರವೇ ತಲುಪುತ್ತಿತ್ತು.

ಸಾಮಾನ್ಯ ತಪ್ಪು: ಈ ಹಾಳೆಯನ್ನು ಯಾರ ತಪ್ಪು ಅಂತ ಹುಡುಕಲು ಬಳಸುವುದು. ಹೆಸರು ಬರೆಯಬೇಡಿ, ಜಾಗ ಬರೆಯಿರಿ. "ರಿವ್ಯೂ ಕಾದದ್ದು" ಅಂದರೆ ಸಾಕು. ಹೆಸರು ಹಾಕಿದ ದಿನದಿಂದ ಮುಂದಿನ ಹಾಳೆಯಲ್ಲಿ ನಿಜ ಬರುವುದಿಲ್ಲ.

ಇಂಥ ಮೂರು ಕೆಲಸಗಳ ದಿನಚರಿ ಬರೆದ ಮೇಲೆ ಮುಂದಿನ ಹಂತಕ್ಕೆ ಹೋಗಿ.

## ಹಂತ 2: ಕಾಯುವ ಜಾಗಗಳಿಗೂ ಬೋರ್ಡಿನಲ್ಲಿ ಕಂಬ ಕೊಡಿ

ಎಲ್ಲರ ಬೋರ್ಡಿನಲ್ಲೂ ಮೂರು ಕಂಬ ಇರುತ್ತವೆ. ಮಾಡಬೇಕು, ಮಾಡುತ್ತಿದ್ದೇವೆ, ಮುಗಿಯಿತು. ಇದರಿಂದ ಏನೂ ತಿಳಿಯುವುದಿಲ್ಲ. ನಮ್ಮ ತೂಕದ ಚೀಟಿ ಹತ್ತೂ ದಿನ "ಮಾಡುತ್ತಿದ್ದೇವೆ" ಕಂಬದಲ್ಲೇ ಇತ್ತು.

ಹಾಳೆಯಲ್ಲಿ ಕಂಡ ನಿಲ್ದಾಣಗಳನ್ನೇ ಕಂಬಗಳಾಗಿ ಮಾಡಿ. ನಮ್ಮ ಬೋರ್ಡಿನಲ್ಲಿ ಎಡದಿಂದ ಬಲಕ್ಕೆ ಹೀಗಿದೆ: ಈ ಸ್ಪ್ರಿಂಟಿನದು, ಕೋಡ್ ನಡೆದಿದೆ, ರಿವ್ಯೂಗೆ ಕಾದಿದೆ, ರಿವ್ಯೂ ನಡೆದಿದೆ, ಟೆಸ್ಟಿಂಗ್‌ಗೆ ಕಾದಿದೆ, ಟೆಸ್ಟಿಂಗ್ ನಡೆದಿದೆ, ಗಿರಾಕಿಗೆ ತಲುಪಿದೆ. ಸ್ಪ್ರಿಂಟ್ ಅಂದರೆ ಮೊದಲೇ ಗೊತ್ತು ಮಾಡಿದ ಕೆಲಸದ ಅವಧಿ, ಅದರ ಮಾತು ಆರನೇ ಹಂತದಲ್ಲಿ. "ಕಾದಿದೆ" ಕಂಬಗಳಿಗೆ ಕೆಂಪು ಪಟ್ಟಿ ಹಾಕಿ.

ಒಂದೊಂದು ಕೆಲಸಕ್ಕೆ ಒಂದೊಂದು ಅಂಟು ಚೀಟಿ, ಅದರ ಮೂಲೆಯಲ್ಲಿ ಶುರುವಾದ ತಾರೀಕು ಇರಲಿ. ಕಂಬ ದಾಟದೆ ಇದ್ದ ಪ್ರತಿ ದಿನಕ್ಕೆ ಒಂದು ಚುಕ್ಕೆ ಇಡಿ. ಮೂರು ಚುಕ್ಕೆ ಬಿದ್ದ ಚೀಟಿ ದೂರದಿಂದಲೇ ಕಾಣುತ್ತದೆ, ಯಾರೂ ಯಾರನ್ನೂ ಕೇಳಬೇಕಿಲ್ಲ.

ಬೆಂಗಳೂರಿನವರಿಗಾಗಿ ಇದೇ ಬೋರ್ಡನ್ನು ಆನ್‌ಲೈನ್ ಮಾಡಬೇಕಾಗುತ್ತದೆ. ಆಗ ಗೋಡೆಯದನ್ನು ತೆಗೆದುಬಿಡಿ. ಎರಡು ಬೋರ್ಡ್ ಇಟ್ಟುಕೊಂಡರೆ ಎರಡರಲ್ಲೂ ಅರ್ಧ ನಿಜ ಇರುತ್ತದೆ. ಆಫೀಸಲ್ಲಿ ಒಂದು ಹಳೇ ಮಾನಿಟರ್‌ಗೆ ಆನ್‌ಲೈನ್ ಬೋರ್ಡ್ ಹಾಕಿ ಇಡೀ ದಿನ ತೆರೆದಿಡಿ.

## ಹಂತ 3: "ಮುಗಿಯಿತು" ಅಂದರೆ ಏನು ಅಂತ ಬರೆದಿಡಿ

ಜಗಳಗಳ ಬೇರು ಇಲ್ಲಿದೆ. ನಮ್ಮಲ್ಲಿ ದಿನಾ ಕೇಳುತ್ತಿದ್ದ ಮಾತು ಇದು:

"ಪಟ್ಟಿ ಪ್ರಿಂಟ್ ಆಗ್ಯದೇನೋ ತಮ್ಮಾ?"

"ನಂದು ಮುಗದದ್ರಿ ಅಕ್ಕಾ."

"ಮತ್ತ ಅಂಗಡಿಯವ್ರು ಯಾಕ ಫೋನ್ ಮಾಡ್ಲಿಕತ್ತಾರ?"

ಅವನ ಪಾಲಿಗೆ ನಿಜವಾಗಿ ಮುಗಿದಿತ್ತು, ಅವನ ಲ್ಯಾಪ್‌ಟಾಪಿನಲ್ಲಿ. ಅಂಗಡಿಯವರ ಪಾಲಿಗೆ ಶುರುವೇ ಆಗಿರಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆ ಪದಕ್ಕೆ ತಂಡದಲ್ಲಿ ಒಂದೇ ಅರ್ಥ ಇರಲಿಲ್ಲ.

ಎಲ್ಲರೂ ಕೂತು ಒಂದು ಗಂಟೆಯಲ್ಲಿ ಐದಾರು ಸಾಲು ಬರೆಯಿರಿ. ನಮ್ಮದು ಹೀಗಿದೆ. ಇನ್ನೊಬ್ಬರು ಕೋಡ್ ನೋಡಿದ್ದಾರೆ. ಮುಖ್ಯ ಬ್ರಾಂಚಿಗೆ (ಎಲ್ಲರ ಕೋಡ್ ಕೂಡುವ ಮೂಲ ಪ್ರತಿಗೆ) ಸೇರಿದೆ, ತಾನಾಗಿ ನಡೆಯುವ ಟೆಸ್ಟುಗಳೆಲ್ಲ ಹಸಿರು, ಅಂದರೆ ಪಾಸು. ಹಳೇ ಡೇಟಾ ಹಾಕಿ ನೋಡಿದ್ದೇವೆ. ನಿಜವಾದ ಥರ್ಮಲ್ ಪ್ರಿಂಟರ್‌ನಲ್ಲಿ ಕನ್ನಡ ಸರಿಯಾಗಿ ಬಿದ್ದಿದೆ. ಬೇಡವೆಂದರೆ ಹಿಂದಕ್ಕೆ ತೆಗೆಯುವ ದಾರಿ ಗೊತ್ತಿದೆ.

ಪ್ರಿಂಟರಿನ ಸಾಲು ಅನುಭವದಿಂದ ಬಂದದ್ದು. ನಮಗೆ ಸಿಕ್ಕ ಥರ್ಮಲ್ ಪ್ರಿಂಟರುಗಳ ಒಳಗೆ ಕನ್ನಡ ಅಕ್ಷರ ಇರಲಿಲ್ಲ. ಸಾಲನ್ನು ಚಿತ್ರವಾಗಿ ಮಾಡಿ ಕಳಿಸಬೇಕಾಯಿತು. ಸ್ಕ್ರೀನ್ ಮೇಲೆ "ಕ್ವಿಂಟಲ್" ಚೆನ್ನಾಗಿ ಕಾಣುತ್ತಿತ್ತು. ಕಾಗದದ ಮೇಲೆ ಒತ್ತಕ್ಷರದ ಕೆಳಭಾಗ ಕತ್ತರಿಸಿ "ಕಿಂಟಲ್" ಆಗಿ ಬೀಳುತ್ತಿತ್ತು. ನಿಮ್ಮ ಕೆಲಸದಲ್ಲೂ ಇಂಥದೊಂದು ಇದ್ದೇ ಇರುತ್ತದೆ. ಬೇರೆಯವರ ಪಟ್ಟಿ ನಕಲು ಮಾಡಬೇಡಿ, ನಿಮಗೆ ಪೆಟ್ಟು ಕೊಟ್ಟ ವಿಷಯಗಳಿಂದ ಬರೆಯಿರಿ.

ಪಟ್ಟಿ ಹತ್ತು ಸಾಲು ದಾಟಿದರೆ ಯಾರೂ ಓದುವುದಿಲ್ಲ. ಯಾವ ಸಾಲನ್ನು ತಂಡ ಎರಡು ವಾರ ಪಾಲಿಸಲಿಲ್ಲವೋ ಅದನ್ನು ಅಳಿಸಿ, ಇಲ್ಲವೇ ಯಾಕೆ ಆಗಲಿಲ್ಲ ಅಂತ ಕೂತು ಮಾತಾಡಿ.

## ಹಂತ 4: ಕೈಯಲ್ಲಿ ಹಿಡಿದ ಕೆಲಸಕ್ಕೆ ಮಿತಿ ಹಾಕಿ

ನನ್ನ ಮಾತು ಕೇಳಿ ಒಂದೇ ಒಂದು ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಲೆಕ್ಕ ಸರಳ. ಬೋರ್ಡಿನಲ್ಲಿ ಅರ್ಧಕ್ಕೆ ನಿಂತ ಕೆಲಸ 12 ಇವೆ, ತಂಡ ವಾರಕ್ಕೆ 4 ಮುಗಿಸುತ್ತದೆ ಅಂದುಕೊಳ್ಳಿ. ಹಾಗಾದರೆ ಒಂದು ಕೆಲಸ ಶುರುವಾಗಿ ಮುಗಿಯಲು ಸರಾಸರಿ 3 ವಾರ ಬೇಕು. ಅದೇ ತಂಡ, ಅದೇ ವೇಗ, ಕೈಯಲ್ಲಿ 6 ಮಾತ್ರ ಇಟ್ಟುಕೊಂಡರೆ ಒಂದೂವರೆ ವಾರ. ಇದಕ್ಕೆ ಲಿಟಲ್ಸ್ ಲಾ ಅನ್ನುತ್ತಾರೆ. ಯಾರೂ ಒಂದು ನಿಮಿಷ ಜಾಸ್ತಿ ದುಡಿಯದೆ ಗಿರಾಕಿಗೆ ಕಾಯುವ ಹೊತ್ತು ಅರ್ಧ ಆಗುತ್ತದೆ.

ಮಿತಿ ಹೀಗೆ ಹಾಕಿ. ಕೋಡ್ ಬರೆಯುವವರು ನಾಲ್ಕು ಜನ ಇದ್ದರೆ "ಕೋಡ್ ನಡೆದಿದೆ" ಕಂಬಕ್ಕೆ 4. ರಿವ್ಯೂನ ಎರಡೂ ಕಂಬಕ್ಕೆ ಸೇರಿ 2. ಟೆಸ್ಟಿಂಗ್‌ನ ಎರಡಕ್ಕೂ ಸೇರಿ 2. ಅಂಕಿಯನ್ನು ಕಂಬದ ತಲೆಯ ಮೇಲೆ ದಪ್ಪಗೆ ಬರೆಯಿರಿ.

ಈಗ ಬರುವ ಪರೀಕ್ಷೆ ನೋಡಿ. ರಿವ್ಯೂನಲ್ಲಿ ಎರಡು ಚೀಟಿ ಕೂತಿವೆ. ಒಬ್ಬ ಹುಡುಗ ಮೂರನೆಯದನ್ನು ಮುಗಿಸಿದ. ಮಿತಿ ತುಂಬಿದೆ, ಮುಂದಕ್ಕೆ ತಳ್ಳುವ ಹಾಗಿಲ್ಲ. ಹೊಸ ಕೆಲಸ ಎತ್ತಿಕೊಳ್ಳುವ ಹಾಗೂ ಇಲ್ಲ. ಅವನೇನು ಮಾಡಬೇಕು? ಕೂತಿರುವ ಎರಡರಲ್ಲಿ ಒಂದರ ರಿವ್ಯೂ ಮಾಡಬೇಕು. ಇಲ್ಲವೇ ಟೆಸ್ಟಿಂಗ್‌ನವರ ಪಕ್ಕ ಕೂತು ಕೈ ಜೋಡಿಸಬೇಕು. ಮೊದಲ ವಾರ ಇದು ಎಲ್ಲರಿಗೂ ಕಿರಿಕಿರಿ. "ಸುಮ್ನೆ ಕೂರೋದಕ್ಕಿಂತ ಹೊಸದು ಶುರು ಮಾಡ್ತೀನಿ" ಅನ್ನುತ್ತಾರೆ. ಬಿಡಬೇಡಿ. ಒಮ್ಮೆ ಬಿಟ್ಟರೆ ಮಿತಿ ಅನ್ನುವುದು ಬೋರ್ಡ್ ಮೇಲಿನ ಅಲಂಕಾರ ಆಗುತ್ತದೆ.

ಇನ್ನೊಂದು ತಪ್ಪು, ಮಿತಿ ತುಂಬಿದಾಗಲೆಲ್ಲ ಅಂಕಿ ಹೆಚ್ಚಿಸುವುದು. ಮಿತಿ ತುಂಬಿತು ಅಂದರೆ ಎಲ್ಲಿ ಕಟ್ಟಿಕೊಂಡಿದೆ ಅಂತ ಅದು ನಿಮಗೆ ತೋರಿಸುತ್ತಿದೆ. ಅದನ್ನು ಬಿಡಿಸಿ. ಅಂಕಿ ಬದಲಿಸುವುದಿದ್ದರೆ ಹತ್ತನೇ ಹಂತದ ಮಾತುಕತೆಯಲ್ಲಿ, ಎಲ್ಲರೂ ಒಪ್ಪಿ ಬದಲಿಸಿ.

## ಹಂತ 5: ಕೆಲಸವನ್ನು ಸಣ್ಣದಾಗಿ ಕತ್ತರಿಸಿ

ದೊಡ್ಡ ಕೆಲಸಕ್ಕೆ ಮಿತಿ ಹಾಕಿ ಉಪಯೋಗ ಇಲ್ಲ. ಒಂದು ಚೀಟಿ ಎರಡು ವಾರ ಹಿಡಿದರೆ ಬೋರ್ಡ್ ಅಲುಗಾಡುವುದೇ ಇಲ್ಲ. ಒಬ್ಬರು ಎರಡು, ಹೆಚ್ಚೆಂದರೆ ಮೂರು ದಿನದಲ್ಲಿ ಕೋಡ್ ಮುಗಿಸುವ ಹಾಗೆ ಪ್ರತಿ ಚೀಟಿ ಇರಲಿ.

ಕತ್ತರಿಸುವ ರೀತಿಯಲ್ಲೇ ಬಹಳ ಜನ ತಪ್ಪುತ್ತಾರೆ. "ರೈತರ ಪಟ್ಟಿ" ಅನ್ನುವ ಕೆಲಸ ಬಂತು. ನಾವು ಮೊದಲು ಹೀಗೆ ಕತ್ತರಿಸಿದೆವು: ಡೇಟಾಬೇಸ್ ಒಂದು ಚೀಟಿ, ಸರ್ವರ್ ಒಂದು ಚೀಟಿ, ಸ್ಕ್ರೀನ್ ಒಂದು ಚೀಟಿ, ಪ್ರಿಂಟ್ ಒಂದು ಚೀಟಿ. ನಾಲ್ಕು ಜನ ಹಂಚಿಕೊಂಡರು. ಎರಡನೇ ವಾರದ ಕೊನೆಗೆ ಮೂರು ಚೀಟಿ ಮುಗಿದಿದ್ದವು, ಅಂಗಡಿಯವರಿಗೆ ತೋರಿಸಲು ಏನೂ ಇರಲಿಲ್ಲ. ನಾಲ್ಕನೆಯದು ಬಂದಾಗ ಮೊದಲಿನ ಮೂರೂ ಒಂದಕ್ಕೊಂದು ಕೂಡಲಿಲ್ಲ. ತೂಕವನ್ನು ಒಬ್ಬರು ಕಿಲೋದಲ್ಲಿ ಇಟ್ಟಿದ್ದರು, ಇನ್ನೊಬ್ಬರು ಕ್ವಿಂಟಲ್‌ನಲ್ಲಿ.

ಈಗ ಬೇರೆ ಥರ ಕತ್ತರಿಸುತ್ತೇವೆ. ಮೊದಲ ಚೀಟಿ: ಒಬ್ಬ ರೈತ, ತೊಗರಿಯ ಒಂದೇ ರಾಶಿ, ತೂಕ ಗುಣಿಸು ದರ, ಕಾಗದದ ಮೇಲೆ ಮೊತ್ತ. ಅಷ್ಟೇ. ಇದರಲ್ಲಿ ಡೇಟಾಬೇಸ್‌ನಿಂದ ಪ್ರಿಂಟರ್‌ವರೆಗೆ ಎಲ್ಲದರ ತೆಳ್ಳನೆಯ ಎಳೆ ಇದೆ. ಎರಡನೆಯದು: ಹಮಾಲಿ ಮುಂತಾದ ಖರ್ಚಿನ ಲೆಕ್ಕ. ಮೂರನೆಯದು: ಒಬ್ಬ ರೈತನ ಹಲವು ರಾಶಿ, ಹಲವು ದರ. ನಾಲ್ಕನೆಯದು: ಮುಂಗಡ ಕೊಟ್ಟಿದ್ದರೆ ಕಳೆಯುವುದು. ಮೊದಲನೆಯದು ಮೂರನೇ ದಿನವೇ ಅಂಗಡಿಯ ಮುನೀಮರ ಮುಂದೆ ಇತ್ತು. ಅವರು ನೋಡಿದ ತಕ್ಷಣ, "ರೈತನ ಊರಿನ ಹೆಸರು ಇಲ್ಲ, ಒಂದೇ ಹೆಸರಿನವರು ನಾಲ್ಕು ಮಂದಿ ಇರ್ತಾರ" ಅಂದರು. ಮೂರನೇ ದಿನ ತಿಳಿದದ್ದಕ್ಕೆ ಹತ್ತು ನಿಮಿಷದಲ್ಲಿ ಸರಿಹೋಯಿತು.

ಒಂದು ಚೀಟಿ ಸರಿಯಾಗಿ ಕತ್ತರಿಸಿದ್ದೀರಾ ಅಂತ ತಿಳಿಯಲು ಕೇಳಿಕೊಳ್ಳಿ: ಇದು ಮುಗಿದ ಮೇಲೆ ಗಿರಾಕಿ ಅದನ್ನು ನೋಡಿ ಏನಾದರೂ ಹೇಳಬಲ್ಲರಾ? ಹೇಳಲಾರರು ಅಂದರೆ ಅಡ್ಡ ಕತ್ತರಿಸಿದ್ದೀರಿ.

ಅಂದಾಜಿನ ಬಗ್ಗೆ ಎರಡು ಮಾತು. 1, 2, 3, 5, 8 ಅಂತ ಪಾಯಿಂಟ್ ಕೊಡುವುದು ಒಳ್ಳೆಯದೇ, ಆದರೆ ಅದರ ಲಾಭ ಇರುವುದು ಮಾತುಕತೆಯಲ್ಲಿ. ಒಬ್ಬರು 2 ಅಂದು, ಇನ್ನೊಬ್ಬರು 8 ಅಂದರೆ ಇಬ್ಬರ ತಲೆಯಲ್ಲಿ ಬೇರೆ ಬೇರೆ ಕೆಲಸ ಇದೆ. ಅದನ್ನು ಮಾತಾಡಿ ಬಗೆಹರಿಸಿ. 8 ಬಂದರೆ ಮತ್ತೆ ಕತ್ತರಿಸಿ. ಯಾರು ಎಷ್ಟು ಪಾಯಿಂಟ್ ಮಾಡಿದರು ಅಂತ ಲೆಕ್ಕ ಇಟ್ಟು ಸಂಬಳಕ್ಕೆ ಜೋಡಿಸಬೇಡಿ. ಹಾಗೆ ಮಾಡಿದರೆ ಮುಂದಿನ ತಿಂಗಳಿಂದ ಎಲ್ಲ ಚೀಟಿಯೂ 5 ಆಗುತ್ತದೆ.

## ಹಂತ 6: ಕ್ಯಾಲೆಂಡರ್ ನೋಡಿ ಸ್ಪ್ರಿಂಟ್ ಹಾಕಿ

ಸ್ಪ್ರಿಂಟ್ ಒಂದು ತಿಂಗಳು ದಾಟಬಾರದು ಅನ್ನುವುದು ಸ್ಕ್ರಮ್‌ನ ನಿಯಮ. ಸಣ್ಣ ತಂಡಕ್ಕೆ ಎರಡು ವಾರ ಸರಿಯಾದ ಅಳತೆ.

ಪ್ಲಾನಿಂಗ್‌ಗೆ ಕೂರುವ ಮೊದಲು ಕ್ಯಾಲೆಂಡರ್ ತೆರೆಯಿರಿ. ನಮ್ಮ ಕಡೆಯ ಕ್ಯಾಲೆಂಡರ್ ಬೆಂಗಳೂರಿನದಲ್ಲ. ಎಳ್ಳಮಾವಾಸ್ಯೆಯ ದಿನ ಇಲ್ಲಿ ಆಫೀಸಲ್ಲಿ ಯಾರು ಇರುತ್ತಾರೆ? ಎಲ್ಲರೂ ಹೊಲದಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಿರುತ್ತಾರೆ. ಹಿಂದಿನ ದಿನ ಮಧ್ಯಾಹ್ನಕ್ಕೇ ಊರ ಬಸ್ ಹತ್ತಿರುತ್ತಾರೆ. ಒಂದು ವರ್ಷ ಬೆಂಗಳೂರಿನ ಜೊತೆಗಾರ ಅದೇ ದಿನ ರಿಲೀಸ್ ಇಟ್ಟಿದ್ದ. ಅವನಿಗೆ ಗೊತ್ತಿರಲಿಲ್ಲ, ನಾವೂ ಹೇಳಿರಲಿಲ್ಲ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಇವೆಲ್ಲ ವರ್ಷದ ಮೊದಲೇ ಕ್ಯಾಲೆಂಡರ್‌ನಲ್ಲಿ ಇರಲಿ.

ಗಿರಾಕಿಯ ಕ್ಯಾಲೆಂಡರ್ ಕೂಡ ನೋಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾಗಿ ಗಂಜಿಗೆ ಮಾಲು ಬರತೊಡಗಿದರೆ ಅಂಗಡಿಯವರಿಗೆ ಉಸಿರಾಡಲು ಪುರಸೊತ್ತಿಲ್ಲ. ಆ ದಿನಗಳಲ್ಲಿ ಹೊಸ ಸ್ಕ್ರೀನ್ ತೋರಿಸಲು ಹೋಗಬೇಡಿ, ದೋಷ ತಿದ್ದುವುದಷ್ಟೇ ಇಟ್ಟುಕೊಳ್ಳಿ. ಏಪ್ರಿಲ್, ಮೇನಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಕಚೇರಿಯಿಂದ ಒಪ್ಪಿಗೆ ಬೇಕಾದ ಕೆಲಸ ಇದ್ದರೆ ಅದಕ್ಕೆ ತಕ್ಕಂತೆ ದಿನ ಹಾಕಿ. ನಾವು ಸಹ ಆ ಎರಡು ತಿಂಗಳು 8ಕ್ಕೇ ಶುರು ಮಾಡುತ್ತೇವೆ. ಬಿಸಿಲು ಏರುವ ಮೊದಲು ತಲೆ ಓಡಿಸುವ ಕೆಲಸ ಮುಗಿಯುತ್ತದೆ.

ಇಷ್ಟಾದ ಮೇಲೆ ಪ್ಲಾನಿಂಗ್ ಕಷ್ಟ ಇಲ್ಲ. ಏಳು ಜನ, ಹತ್ತು ದಿನ, ರಜೆ ಕಳೆದು ಉಳಿದ ದಿನ ಎಷ್ಟು ಅಂತ ಬರೆಯಿರಿ. ಅದರಲ್ಲಿ ಐದನೇ ಒಂದು ಪಾಲು ತುರ್ತು ಕೆಲಸಕ್ಕೆ ತೆಗೆದಿಡಿ. ಉಳಿದದ್ದಕ್ಕೆ ಚೀಟಿ ತುಂಬಿ. ಆಮೇಲೆ ಸ್ಪ್ರಿಂಟಿನ ಗುರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ: "ಈ ಎರಡು ವಾರದಲ್ಲಿ ಒಂದು ಅಂಗಡಿ ಪೂರ್ತಿ ನಮ್ಮ ಪಟ್ಟಿಯಲ್ಲೇ ಲೆಕ್ಕ ಮಾಡಬೇಕು." ವಾಕ್ಯದಲ್ಲಿ "ಮತ್ತು" ಮೂರು ಸಲ ಬಂದರೆ ಅದು ಗುರಿ ಅಲ್ಲ, ಸಾಮಾನಿನ ಚೀಟಿ.

## ಹಂತ 7: ಸ್ಟ್ಯಾಂಡ್-ಅಪ್, ಬಲದಿಂದ ಎಡಕ್ಕೆ

ಈಗ ಸ್ಟ್ಯಾಂಡ್-ಅಪ್ ಶುರು ಮಾಡಿ. 15 ನಿಮಿಷ, ದಿನಾ ಒಂದೇ ಹೊತ್ತಿಗೆ, ಬೋರ್ಡಿನ ಮುಂದೆ.

"ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಅಡ್ಡಿ ಏನಿದೆ" ಅಂತ ಒಬ್ಬೊಬ್ಬರನ್ನೇ ಕೇಳುವುದು ರೂಢಿ. ಸ್ಕ್ರಮ್ ನಿಯಮಗಳ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್‌ನಲ್ಲಿ ಆ ಮೂರು ಪ್ರಶ್ನೆಗಳೇ ಇಲ್ಲ. ಹಾಗೆ ಕೇಳುವುದು ಬೇಗ ಹಾಜರಿ ತೆಗೆದ ಹಾಗೆ ಆಗಿಬಿಡುತ್ತದೆ. ಹುಡುಗರು ಯಜಮಾನರ ಮುಖ ನೋಡಿ ವರದಿ ಒಪ್ಪಿಸುತ್ತಾರೆ, ಉಳಿದವರು ತಮ್ಮ ಸರದಿಗೆ ಮಾತು ಹೊಂದಿಸುತ್ತಾ ನಿಂತಿರುತ್ತಾರೆ.

ಬೋರ್ಡಿನ ಬಲ ತುದಿಯಿಂದ ಶುರು ಮಾಡಿ. ಗಿರಾಕಿಗೆ ಎಲ್ಲಕ್ಕಿಂತ ಹತ್ತಿರ ಇರುವ ಚೀಟಿ ಯಾವುದು? ಇವತ್ತು ಅದನ್ನು ದಾಟಿಸಲು ಏನು ಬೇಕು, ಯಾರು ಬೇಕು? ಹಾಗೇ ಎಡಕ್ಕೆ ಬನ್ನಿ. ಚುಕ್ಕೆ ಬಿದ್ದ ಚೀಟಿಗೆ ಹೆಚ್ಚು ಹೊತ್ತು ಕೊಡಿ. ಎಡ ತುದಿ ತಲುಪುವ ಮೊದಲೇ 15 ನಿಮಿಷ ಆದರೆ ಚಿಂತೆ ಇಲ್ಲ.

ಇಬ್ಬರ ನಡುವೆ ಮಾತು ಉದ್ದ ಆದರೆ "ಇದು ಆಮೇಲೆ" ಅಂತ ಒಬ್ಬರು ಹೇಳಬೇಕು. ಅದು ದೊಡ್ಡವರೇ ಆಗಬೇಕಿಲ್ಲ. ನಮ್ಮಲ್ಲಿ ವಾರಕ್ಕೊಬ್ಬರು ಆ ಕೆಲಸ ಮಾಡುತ್ತಾರೆ. ಹೊಸದಾಗಿ ಸೇರಿದವರಿಗೆ ಎರಡನೇ ವಾರವೇ ಕೊಡುತ್ತೇವೆ. ಹಿರಿಯರಿಗೆ "ಅಣ್ಣಾ, ಇದು ಆಮ್ಯಾಗ ಮಾತಾಡ್ರಿ" ಅನ್ನಲು ಅವರಿಗೆ ಧೈರ್ಯ ಬರುತ್ತದೆ. ಆ ಧೈರ್ಯ ಮುಂದೆ "ಅಣ್ಣಾ, ಈ ಲೆಕ್ಕ ತಪ್ಪದ" ಅನ್ನುವಾಗ ಬೇಕಾಗುತ್ತದೆ.

ಬೆಂಗಳೂರಿನವರು ಕಾಲ್‌ನಲ್ಲಿ ಇದ್ದರೆ ಕಲಬುರಗಿಯ ಐವರೂ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದ, ಹೆಡ್‌ಫೋನ್ ಹಾಕಿ ಸೇರಿ. ಐದು ಜನ ಒಂದೇ ಫೋನಿನ ಸುತ್ತ ನಿಂತರೆ ಆ ಕಡೆಯವರಿಗೆ ಅರ್ಧ ಕೇಳುವುದಿಲ್ಲ. ಅವರು ಮಾತಾಡುವುದನ್ನೇ ಬಿಡುತ್ತಾರೆ.

## ಹಂತ 8: ರಿವ್ಯೂ ಕಾಯದಿರಲಿ, ಬ್ರಾಂಚ್ ಹಳಸದಿರಲಿ

ನಮ್ಮ 66 ಗಂಟೆಯಲ್ಲಿ ದೊಡ್ಡ ಪಾಲು ರಿವ್ಯೂನದು. ಅದಕ್ಕೆ ಮಾಡಿದ ಮದ್ದು ಮೂರು.

ಒಂದು, ದಿನಕ್ಕೆ ಎರಡು ರಿವ್ಯೂ ಹೊತ್ತು. ಬೆಳಿಗ್ಗೆ ಸ್ಟ್ಯಾಂಡ್-ಅಪ್ ಮುಗಿದ ಕೂಡಲೇ, ಮಧ್ಯಾಹ್ನ ಊಟ ಆದ ಕೂಡಲೇ. ಆ ಹೊತ್ತಿಗೆ ಯಾರೂ ಹೊಸ ಕೋಡ್ ಬರೆಯುವುದಿಲ್ಲ. ಹೀಗಾಗಿ ಯಾವ ರಿವ್ಯೂ ಕೂಡ ಅರ್ಧ ದಿನ ದಾಟುವುದಿಲ್ಲ.

ಎರಡು, ಸಣ್ಣ ಬದಲಾವಣೆ. 200 ಸಾಲು ದಾಟಿದರೆ ಓದುವವರ ಕಣ್ಣು ಸೋಲುತ್ತದೆ, "ಸರಿ ಇದೆ" ಅಂತ ಒತ್ತಿಬಿಡುತ್ತಾರೆ. ಒಬ್ಬರು ತಮ್ಮ ಕೆಲಸಕ್ಕೆ ಬೇರೆ ಮಾಡಿಕೊಂಡ ಬ್ರಾಂಚ್ ಎರಡು ದಿನಕ್ಕಿಂತ ಜಾಸ್ತಿ ಬದುಕಬಾರದು. ಅರ್ಧ ಆದದ್ದನ್ನು ಗಿರಾಕಿಗೆ ತೋರಿಸಬಾರದು ಅಂದರೆ ಅದಕ್ಕೊಂದು ಸ್ವಿಚ್ ಇಟ್ಟು ಮುಚ್ಚಿಡಿ, ಕೋಡ್ ಮಾತ್ರ ಮುಖ್ಯ ಬ್ರಾಂಚಿಗೆ ಸೇರಲಿ.

ಮೂರು, ಟೆಸ್ಟುಗಳು ತಾನಾಗಿ ನಡೆಯಲಿ, ಹತ್ತು ನಿಮಿಷದಲ್ಲಿ ಮುಗಿಯಲಿ. ಎಲ್ಲದಕ್ಕೂ ಟೆಸ್ಟ್ ಬರೆಯಲು ಆಗದಿದ್ದರೆ ಹಣದ ಲೆಕ್ಕದಿಂದ ಶುರು ಮಾಡಿ. ಮುಖ್ಯ ಬ್ರಾಂಚ್ ಕೆಂಪಾದರೆ ಮೊದಲು ಹಿಂದಕ್ಕೆ ತೆಗೆಯಿರಿ, ಆಮೇಲೆ ಕಾರಣ ಹುಡುಕಿ. ಒಬ್ಬರು ಕಾರಣ ಹುಡುಕುತ್ತಾ ಕೂತರೆ ಉಳಿದ ಆರು ಜನ ಕಾಯುತ್ತಾರೆ.

ಪ್ರಿಂಟರ್ ಕಥೆಗೂ ಮದ್ದು ಆಯಿತು. ಒಂದು ಪ್ರಿಂಟರ್ ಕೊಂಡು ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದೆವು. ಅದು ಆಫೀಸಿನಿಂದ ಹೊರಗೆ ಹೋಗುವುದಿಲ್ಲ.

## ಹಂತ 9: ಗಂಜಿನಿಂದ ಬರುವ ಫೋನಿಗೆ ಒಂದೇ ಬಾಗಿಲು

ಸ್ಪ್ರಿಂಟ್ ಮುರಿಯುವುದು ಬಹುತೇಕ ಇಲ್ಲೇ. ಅಂಗಡಿಯವರಿಗೆ ಕೋಡ್ ಬರೆಯುವ ಹುಡುಗನ ನಂಬರ್ ಗೊತ್ತಿರುತ್ತದೆ. "ತಮ್ಮಾ, ಸ್ವಲ್ಪ ಇದೊಂದು ಮಾಡಿಕೊಡೋ" ಅನ್ನುತ್ತಾರೆ. ಪರಿಚಯದವರು, ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಅವನು ಬೋರ್ಡಿನಲ್ಲಿ ಇಲ್ಲದ ಕೆಲಸ ಮಾಡುತ್ತಾ ಎರಡು ದಿನ ಕಳೆಯುತ್ತಾನೆ. ಬೋರ್ಡ್ ನೋಡಿದವರಿಗೆ ಅವನು ಸುಮ್ನೆ ಕೂತ ಹಾಗೆ ಕಾಣುತ್ತದೆ.

ಎಲ್ಲ ಬೇಡಿಕೆಗೂ ಒಬ್ಬರೇ ಬಾಗಿಲು ಆಗಲಿ. ನಮ್ಮಲ್ಲಿ ಗಂಜಿಗೆ ಹೋಗಿಬರುವ ಅಣ್ಣ ಆ ಕೆಲಸ ಮಾಡುತ್ತಾರೆ, ಸ್ಕ್ರಮ್ ಭಾಷೆಯಲ್ಲಿ ಪ್ರಾಡಕ್ಟ್ ಓನರ್. ಹುಡುಗರಿಗೆ ಫೋನ್ ಬಂದರೆ ಉತ್ತರ ಸಿದ್ಧ: "ಕಾಕಾ, ಅಣ್ಣಾಗ ಹೇಳ್ತೀನಿ, ಅವ್ರೇ ನಿಮಗ ಫೋನ್ ಮಾಡ್ತಾರ." ಹಾಗೆ ಹೇಳಿದ ಮೇಲೆ ಅಣ್ಣ ಅವತ್ತೇ ಫೋನ್ ಮಾಡಲೇಬೇಕು. ಮಾಡದಿದ್ದರೆ ಎರಡೇ ವಾರದಲ್ಲಿ ಗಿರಾಕಿಗಳು ಹಳೇ ದಾರಿ ಹಿಡಿಯುತ್ತಾರೆ, ಅದು ಅವರ ತಪ್ಪಲ್ಲ.

ತುರ್ತು ಯಾವುದು ಅಂತಲೂ ಮೊದಲೇ ಬರೆದಿಡಿ. ನಮ್ಮದು ಎರಡೇ. ಹಣದ ಲೆಕ್ಕ ತಪ್ಪು ಬಂದರೆ, ಅಂಗಡಿಯ ಕೆಲಸ ನಿಂತರೆ. ಇವಕ್ಕೆ ಕೆಂಪು ಚೀಟಿ, ಒಮ್ಮೆಗೆ ಒಂದೇ, ಎಲ್ಲ ಕಂಬವನ್ನೂ ಮೊದಲು ದಾಟುತ್ತದೆ. ಬಣ್ಣ ಬದಲಿಸುವುದು, ಹೊಸ ವರದಿ ಬೇಕು ಅನ್ನುವುದು ಮುಂದಿನ ಸ್ಪ್ರಿಂಟಿಗೆ.

## ಹಂತ 10: ಎರಡು ವಾರಕ್ಕೊಮ್ಮೆ ತೋರಿಸಿ, ಕೂತು ಮಾತಾಡಿ

ಸ್ಪ್ರಿಂಟ್ ಮುಗಿದ ದಿನ ಒಬ್ಬ ಗಿರಾಕಿಯನ್ನಾದರೂ ಕರೆಯಿರಿ, ಇಲ್ಲವೇ ಅವರ ಅಂಗಡಿಗೆ ಹೋಗಿ. ಸ್ಲೈಡ್ ಬೇಡ. ಮೌಸ್ ಅವರ ಕೈಗೆ ಕೊಟ್ಟು ಸುಮ್ಮನೆ ನೋಡಿ. ಅವರ ಕೈ ಎಲ್ಲಿ ತಡೆಯಿತು ಅಂತ ಬರೆದುಕೊಳ್ಳಿ.

ಆಮೇಲೆ ತಂಡದವರು ಮಾತ್ರ ಒಂದು ಗಂಟೆ ಕೂತು ರೆಟ್ರೊ, ಅಂದರೆ ಮುಗಿದ ಸ್ಪ್ರಿಂಟ್ ಹೇಗೆ ನಡೆಯಿತು ಅನ್ನುವ ಮಾತುಕತೆ, ಮಾಡಿ. ಮೊದಲ ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ಚೀಟಿಯಲ್ಲಿ ಬರೆಯಿರಿ. ಬಾಯಿಬಿಟ್ಟು ಹೇಳಲಾರದ್ದನ್ನು ಬರೆಯುತ್ತಾರೆ. ಬೋರ್ಡಿನಲ್ಲಿ ಯಾವ ಕಂಬದಲ್ಲಿ ಚುಕ್ಕೆ ಜಾಸ್ತಿ ಬಿತ್ತು ನೋಡಿ, ಅದರಿಂದ ಮಾತು ಶುರು ಮಾಡಿ. ಕೊನೆಗೆ ಬದಲಾವಣೆ ಒಂದೇ ಆರಿಸಿ. ಅದನ್ನು ಚೀಟಿ ಮಾಡಿ ಮುಂದಿನ ಸ್ಪ್ರಿಂಟಿನ ಬೋರ್ಡಿಗೆ ಹಾಕಿ, ಅದಕ್ಕೊಬ್ಬರ ಹೆಸರು ಇರಲಿ. ಹತ್ತು ಬದಲಾವಣೆ ಬರೆದ ತಂಡಗಳು ಒಂದನ್ನೂ ಮಾಡದೆ ಮುಂದಿನ ರೆಟ್ರೊಗೆ ಬರುವುದನ್ನು ನೋಡಿದ್ದೇನೆ.

## ಈ ಗುರುತು ಕಂಡರೆ ನಿಲ್ಲಿಸಿ, ನೋಡಿ

ಬೋರ್ಡಿನಲ್ಲಿ ಎಲ್ಲವೂ "ಶೇಕಡಾ 90 ಮುಗಿದಿದೆ" ಅಂತಿದ್ದರೆ ಮೂರನೇ ಹಂತಕ್ಕೆ ಹಿಂತಿರುಗಿ.

ಸ್ಟ್ಯಾಂಡ್-ಅಪ್ ಅರ್ಧ ಗಂಟೆ ಆಗುತ್ತಿದ್ದರೆ ಚೀಟಿಗಳು ದೊಡ್ಡವಿವೆ, ಐದನೇ ಹಂತ. ಮೂರೇ ನಿಮಿಷಕ್ಕೆ ಮುಗಿದು ಯಾರೂ ಅಡ್ಡಿಯನ್ನೇ ಹೇಳದಿದ್ದರೆ ಅದು ಇನ್ನೂ ಕೆಟ್ಟದ್ದು. ಹೇಳಲು ಹೆದರುತ್ತಿದ್ದಾರೆ.

ಸ್ಪ್ರಿಂಟಿನ ಕೊನೆಯ ಎರಡು ದಿನ ಟೆಸ್ಟಿಂಗ್ ಮಾಡುವವರು ರಾತ್ರಿ ಹತ್ತರವರೆಗೆ ಕೂತು, ಮೊದಲ ನಾಲ್ಕು ದಿನ ಅವರಿಗೆ ಕೆಲಸವೇ ಇಲ್ಲದಿದ್ದರೆ ನಾಲ್ಕನೇ ಹಂತದ ಮಿತಿ ಯಾರೂ ಪಾಲಿಸುತ್ತಿಲ್ಲ.

ಒಬ್ಬರು ರಜೆ ಹಾಕಿದರೆ ಒಂದು ಭಾಗದ ಕೆಲಸ ಪೂರ್ತಿ ನಿಲ್ಲುತ್ತದೆಯೇ? ಆ ಭಾಗದ ಮುಂದಿನ ಎರಡು ಚೀಟಿಯನ್ನು ಬೇರೆಯವರಿಗೆ ಕೊಟ್ಟು, ಬಲ್ಲವರನ್ನು ಪಕ್ಕ ಕೂರಿಸಿ. ಮೊದಲ ಸಲ ಎರಡರಷ್ಟು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಕೊಡಿ.

ಬೋರ್ಡಿಗಿಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೆಚ್ಚು ನಿರ್ಧಾರ ಆಗುತ್ತಿದ್ದರೆ, ಗುಂಪಿನಲ್ಲಿ ಆದ ಪ್ರತಿ ನಿರ್ಧಾರವನ್ನು ಹೇಳಿದವರೇ ಅವತ್ತೇ ಚೀಟಿಯಲ್ಲಿ ಬರೆಯುವ ನಿಯಮ ಮಾಡಿ. ವಾಟ್ಸ್ಆ್ಯಪ್ ಬಿಡಿಸಲು ಹೋಗಬೇಡಿ, ಆಗುವುದಿಲ್ಲ.

## ಯಾವ ವಾರ ಏನು

ಮೊದಲ ವಾರ ಹಂತ 1 ಮತ್ತು 2. ಎರಡನೇ ವಾರ 3 ಮತ್ತು 4. ಮೂರನೇ ವಾರ ಇರುವ ಚೀಟಿಗಳನ್ನೆಲ್ಲ ಕತ್ತರಿಸಿ, ಕ್ಯಾಲೆಂಡರ್ ತುಂಬಿ. ನಾಲ್ಕನೇ ವಾರ ಮೊದಲ ಸ್ಪ್ರಿಂಟ್, ಅದರ ಜೊತೆಗೇ 7, 8, 9. ಐದನೇ ವಾರದ ಕೊನೆಗೆ ಮೊದಲ ರೆಟ್ರೊ.

ಮೂರು ಸ್ಪ್ರಿಂಟ್ ಆದ ಮೇಲೆ ಮತ್ತೆ ಒಂದು ಕೆಲಸದ ದಿನಚರಿ ಬರೆದು ಮೊದಲನೇ ಹಾಳೆಯ ಪಕ್ಕ ಅಂಟಿಸಿ. ನಮ್ಮ ಎರಡನೇ ಹಾಳೆಯಲ್ಲಿ ಅದೇ ಅಳತೆಯ ಕೆಲಸ ನಾಲ್ಕು ದಿನಕ್ಕೆ ಅಂಗಡಿ ತಲುಪಿತ್ತು. ಕೈ ಇಟ್ಟ ಹೊತ್ತು ಮೊದಲಿನಷ್ಟೇ, 14 ಗಂಟೆ.